ಅವ್ವ ಮಾತು ಮುಗಿಸಿದ ಮೇಲಿನ ಹಾಡು

ನಮ್ಮ ಅವ್ವ ಬಟನ್ನು ಒತ್ತುತ್ತಿರಲಿಲ್ಲ. ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಗೆ ಬಂದು ಎಷ್ಟೋ ವರ್ಷವಾದರೂ ಫ್ಯಾನು ಬೇಕೆಂದರೆ ಯಾರನ್ನಾದರೂ ಕರೆಯುತ್ತಿದ್ದಳು. ಯಾರೂ ಇಲ್ಲದಿದ್ದರೆ ಸೆಕೆಯಲ್ಲೇ ಕೂತಿರುತ್ತಿದ್ದಳು. ನಾನು ಪಾಠ ಮುಗಿಸಿ ಶಾಲೆಯಿಂದ ಬಂದು, ಬೆವರಿನಲ್ಲಿ ತೊಯ್ದು ಕೂತವಳನ್ನು ಕಂಡು ರೇಗಿದರೆ, "ನನ್ನ ಕೈ ಬ್ಯಾರೇ ಅದವ್ವ, ಮಷೀನಿಗಿ ಹತ್ತಂಗಿಲ್ಲ" ಎನ್ನುತ್ತಿದ್ದಳು. ಟಿವಿ ರಿಮೋಟು, ಮಿಕ್ಸರು, ಮೊಬೈಲು ಯಾವುದಕ್ಕೂ ಅವಳ ಬೆರಳು ತಾಗಿರಲಿಲ್ಲ. ತಮ್ಮನ ಮಕ್ಕಳು ರಜೆಯ ದಿನ ಬಂದಾಗ ಕಾಲಿಂಗ್ ಬೆಲ್ಲಿನ ಮುಂದೆ ಅವಳನ್ನು ನಿಲ್ಲಿಸಿ, "ಒತ್ತು ಅಜ್ಜೀ, ಒತ್ತು" ಎಂದು ಕಾಡುತ್ತಿದ್ದರು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡುಬಿಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅವಳ ಕೈಯದು ಯಾವ ತಪ್ಪೂ ಇಲ್ಲ ಎಂಬುದು ಗೊತ್ತಿದ್ದವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಗೊತ್ತಿದ್ದೂ ನಕ್ಕಿದ್ದೇನೆ.

ಇದರ ಮೂಲದಲ್ಲಿ ಒಂದು ಹಾಡಿದೆ. ಇಂಗ್ಲೆಂಡಿನ ಯಾವುದೋ ಮಬ್ಬು ಊರಿನ ನಾಲ್ಕು ಹುಡುಗರು ಕಟ್ಟಿದ ಬ್ಯಾಂಡಿನ ಹಾಡು. ಆ ಬಗೆಯ ಸಂಗೀತಕ್ಕೆ ಪೋಸ್ಟ್ ಪಂಕ್ ಎನ್ನುತ್ತಾರೆಂದು ನನಗೆ ತಿಳಿದದ್ದು ಈಚೆಗೆ. ಔರಾದ ತಾಲೂಕಿನ ಎಕಂಬಾದಲ್ಲಿ ಹುಟ್ಟಿ, ಜೀವನವೆಲ್ಲ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಈ ಹಾಡಿನ ಉಸಾಬರಿ ಏಕೆ ಎಂದು ಕೇಳಬಹುದು. ಹೇಳುತ್ತೇನೆ. ಹೇಳದೆ ಮುಚ್ಚಿಟ್ಟದ್ದಕ್ಕೇ ಇಷ್ಟೆಲ್ಲ ಆದದ್ದು.

ನಾನು ಏಳನೇ ತರಗತಿಯಲ್ಲಿದ್ದ ವರ್ಷ, ಮಳೆ ಎರಡನೇ ಸಲ ಕೈಕೊಟ್ಟಿತ್ತು. ತೊಗರಿ ಮೊಣಕಾಲೆತ್ತರಕ್ಕೆ ಬಂದು ನಿಂತಲ್ಲೇ ಒಣಗಿತು. ಬಾವಿಗಳಿಗೆ ಹಗ್ಗ ಸಾಲದಾಯಿತು. ನಮ್ಮ ಓಣಿಯ ಗಂಡಸರು ಹೆಂಗಸರು ಸೇರಿ ಇಪ್ಪತ್ತು ಮಂದಿ ಒಂದೇ ದಿನ ಗಂಟು ಕಟ್ಟಿಕೊಂಡು ಭಾಲ್ಕಿ ಸ್ಟೇಷನ್ನಿಗೆ ಹೋಗಿ ಹೈದರಾಬಾದಿನ ರೈಲು ಹತ್ತಿದರು. ಅಲ್ಲೊಂದು ದೊಡ್ಡ ಕಟ್ಟಡ ಏಳುತ್ತಿತ್ತು. ಮೇಸ್ತ್ರಿ ಭಾಲ್ಕಿ ಕಡೆಯವನು, ನಮ್ಮ ಜನರನ್ನೇ ಕೆಲಸಕ್ಕೆ ಕರೆಸಿಕೊಂಡಿದ್ದ. ಅಪ್ಪ, ಅವ್ವ, ಅವ್ವನ ಸೊಂಟದ ಮೇಲೆ ಎಂಟು ತಿಂಗಳ ತಮ್ಮ. ನಾನು ಅಜ್ಜಿಯ ಬಳಿ ಉಳಿದೆ. ಅಪ್ಪನ ತಾಯಿ ಅವಳು. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು.

ಉಳಿದದ್ದು ಶಾಲೆಗಾಗಿ. ನಮ್ಮ ಓಣಿಯಲ್ಲಿ ಪ್ರತಿ ಮನೆಯ ಗೋಡೆಯ ಮೇಲೂ ಕೋಟು ತೊಟ್ಟು ಪುಸ್ತಕ ಹಿಡಿದವರ ಚಿತ್ರವಿತ್ತು. ಅದರ ಕೆಳಗೆ ಕೂತು ಮಗುವಿಗೆ ಶಾಲೆ ಬಿಡಿಸುವ ಮಾತಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಒಂದು ಹೊತ್ತಿನ ಊಟ ಬಿಡಬಹುದಿತ್ತು, ಊರನ್ನೇ ಬಿಡಬಹುದಿತ್ತು, ಶಾಲೆ ಬಿಡುವಂತಿರಲಿಲ್ಲ. ಇದು ಹೆಮ್ಮೆ ಪಡುವ ಸಂಗತಿ ಎಂದು ಈಗ ಭಾಷಣ ಮಾಡುತ್ತೇನೆ. ಆಗ ನನಗೆ ಕಂಡದ್ದು ಇಷ್ಟೇ: ತಮ್ಮನನ್ನು ಎತ್ತಿಕೊಂಡು ಹೋದರು, ನನ್ನನ್ನು ಬಿಟ್ಟು ಹೋದರು.

ಹೋದವರಲ್ಲಿ ಓದು ಬರಹ ಬಂದವರು ಕಡಿಮೆ. ನಮ್ಮ ಅವ್ವನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆದರೆ ಮೇಸ್ತ್ರಿಯ ಬಳಿ ಒಂದು ಟೇಪ್ ರೆಕಾರ್ಡರ್ ಇತ್ತು, ನಮ್ಮ ಊರಲ್ಲಿ ದರ್ಜಿ ಚಾಚಾನ ಅಂಗಡಿಯಲ್ಲಿ ಇನ್ನೊಂದು. ಅಪ್ಪ ಅಲ್ಲಿನ ಹಳೇ ಸಾಮಾನು ಮಾರುವ ರವಿವಾರದ ಜುನಾ ಬಜಾರಿನಲ್ಲಿ ಹಳೆಯದೊಂದು ಕ್ಯಾಸೆಟ್ಟು ತಂದ. ಡಬ್ಬಿ ಇಲ್ಲ, ಚೀಟಿ ಇಲ್ಲ, ಒಳಗೆ ಯಾವುದೋ ಇಂಗ್ಲಿಷ್ ಹಾಡು. ಒಂದು ಮಗ್ಗುಲಿಗೆ ಅವರು ಮಾತು ತುಂಬಿ ಊರಿಗೆ ಬರುವ ಯಾರ ಕೈಗಾದರೂ ಕೊಡುವುದು, ಇನ್ನೊಂದು ಮಗ್ಗುಲಿಗೆ ನಾವು ತುಂಬಿ ವಾಪಸು ಕಳಿಸುವುದು. ಮುಂದಿನ ಸಲ ಹಳೆಯ ಮಾತಿನ ಮೇಲೆಯೇ ಹೊಸ ಮಾತು. ಇದನ್ನು ನಮ್ಮ ಓಣಿಯಲ್ಲಿ ಮಾತಾಡೋ ಕಾಗದ ಎನ್ನುತ್ತಿದ್ದರು. ಇಪ್ಪತ್ತು ಮಂದಿಗೂ ಅದೊಂದೇ ಕಾಗದ. ಅವ್ವ ಮೊದಲು ಮಾತಾಡುತ್ತಿದ್ದಳು, ಆಮೇಲೆ ಉಳಿದವರು ತಮ್ಮ ತಮ್ಮ ಮನೆಗೆ ಒಂದೊಂದು ಮಾತು ಹೇಳುತ್ತಿದ್ದರು, ಕೊನೆಗೆ ಮತ್ತೆ ಅವ್ವ.

ಕ್ಯಾಸೆಟ್ಟು ಬಂದ ಸುದ್ದಿ ತಿಳಿದರೆ ಸಾಕು, ರವಿವಾರ ಮಧ್ಯಾಹ್ನ ಚಾಚಾನ ಅಂಗಡಿ ಮುಂದಿನ ಬೇವಿನ ನೆರಳಿಗೆ ಎಲ್ಲರೂ ಬಂದು ಕೂರುತ್ತಿದ್ದರು. ಚಾಚಾ ಅಂಗಿಗೆ ಗುಂಡಿ ಹಚ್ಚುವ ಕೆಲಸ ಆ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದ. ಹೊಲಿಗೆ ಯಂತ್ರ ತುಳಿದರೆ ಮಾತು ಕೇಳಿಸುವುದಿಲ್ಲವಲ್ಲ.

ಅವ್ವನ ಮಾತು ಯಾವಾಗಲೂ ಒಂದೇ. "ಆಯಿ, ನಾವ್ ಇಲ್ಲಿ ಆರಾಮ ಅದೀವ್ರಿ. ನೀವು ಆರಾಮ ಇರ್ರಿ. ಸಣ್ಣಾವ ಛಂದ ಆಡ್ತಾನ. ಇಲ್ಲಿ ನೀರಿಗಿ ಏನೂ ಕಮ್ಮಿ ಇಲ್ರಿ. ಮಗಾ, ಸಾಲಿಗಿ ಬರೋಬ್ಬರಿ ಹೋಗು. ಆಯಿಗಿ ತ್ರಾಸ ಕೊಡಬ್ಯಾಡ." ಅಳು ಇಲ್ಲ, ದೂರು ಇಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿ ಒಪ್ಪಿಸಿದಂತೆ. ಆಯಿ ಜವಾಬು ತುಂಬುವುದಂತೂ ನೋಡಬೇಕು. ತಲೆಯ ಮೇಲೆ ಸೆರಗು ಎಳೆದುಕೊಂಡು, ಹೈದರಾಬಾದಿಗೇ ಕೇಳಿಸಬೇಕೆಂಬಂತೆ ಒದರುತ್ತಿದ್ದಳು. "ಹುಡುಗಗ ಹಲ್ಲು ಬಂದಾವೇನು?" ಎಂದು ಕೇಳಿ ಸುಮ್ಮನಾಗಿಬಿಡುತ್ತಿದ್ದಳು. "ಮುಂದ ಹೇಳ್ರಿ ಆಯಿ, ಅದು ಜವಾಬ್ ಕೊಡಂಗಿಲ್ಲ" ಎಂದು ಚಾಚಾ ಹೇಳಿದರೆ, "ಕೊಡ್ತಾಳ, ಜರಾ ತಡಿ" ಎಂದು ಅವನಿಗೇ ಗದರುತ್ತಿದ್ದಳು. ಹೀಗಾಗಿ ನಮ್ಮ ಕಾಗದದಲ್ಲಿ ಅರ್ಧ ಮಾತು, ಅರ್ಧ ಕಾಯುವುದು.

ಮೊದಲ ಕಾಗದ ಬಂದ ದಿನ ಅವ್ವನ ಮಾತು ಮುಗಿದು ಟಕ್ ಎಂದು ಸದ್ದಾಯಿತು. ಮರುಕ್ಷಣ ಏನೋ ಒಂದು ಅಬ್ಬರ ನುಗ್ಗಿ ಬಂತು. ಆಯಿ, "ಬಂದ್ ಮಾಡೋ, ತಲಿ ಒಡೀತದ" ಎಂದು ಎದ್ದು ಹೋದಳು. ಹೆಂಗಸರೂ ಎದ್ದರು. ಚಾಚಾನ ಕೈಯಲ್ಲಿ ಸೂಜಿ ಇತ್ತು, ಅವನು ಬಂದ್ ಮಾಡಲಿಲ್ಲ. ನಾನು ಕೂತೇ ಇದ್ದೆ.

ಅವತ್ತು ಮೂರು ಹಾಡು ಉಳಿದಿದ್ದವು. ಮೊದಲಿನ ಎರಡು ನನಗೆ ನೆನಪಿಲ್ಲ. ಕೊನೆಯದು ಬೇರೆ. ಅದರಲ್ಲಿ ದಪ್ಪ ತಂತಿಯ ಸದ್ದೊಂದು ಮುಂದೆ ಮುಂದೆ ಹೋಗುತ್ತಿತ್ತು, ಅದದೇ ಸ್ವರವನ್ನು ಮತ್ತೆ ಮತ್ತೆ ತುಳಿಯುತ್ತ. ಹಿಂದೆ ಡ್ರಮ್ಮು, ಕಲ್ಲೊಡೆಯುವವರ ಸುತ್ತಿಗೆಯಂತೆ ಒಂದೇ ಸಮ. ಮೇಲೆ ಗಿಟಾರು, ತಗಡಿನ ಮೇಲೆ ಮೊಳೆ ಎಳೆದಂತೆ. ಆಮೇಲೆ ಒಬ್ಬ ಗಂಡಸು. ಅವನು ಹಾಡುತ್ತಿರಲಿಲ್ಲ. ಬಹಳ ಹೊತ್ತಿನಿಂದ ಸಿಟ್ಟು ತಡೆದುಕೊಂಡವನು ಹಲ್ಲು ಬಿಗಿಹಿಡಿದು ಯಾರಿಗೋ ಏನನ್ನೋ ಹೇಳುತ್ತಿದ್ದ. ಕೊನೆಗೆ ತಡೆಯಲಾಗದೆ ಒಂದೇ ಮಾತನ್ನು ನಾಲ್ಕಾರು ಸಲ ಕೂಗಿದ. ಅಲ್ಲಿಗೆ ಟೇಪು ಮುಗಿಯಿತು.

ಅದು ಹೈದರಾಬಾದು ಎಂದೇ ನಾನು ತಿಳಿದೆ. ಅವ್ವ ಮಾತು ಮುಗಿಸಿ ಎದ್ದು ಹೋಗಿದ್ದಾಳೆ, ಮಷೀನು ಮಾತ್ರ ನಡೆಯುತ್ತಲೇ ಇದೆ, ಅವಳು ಕೆಲಸ ಮಾಡುವ ಜಾಗದ ಸದ್ದೆಲ್ಲ ಅದರೊಳಗೆ ಬಂದಿದೆ: ಕಬ್ಬಿಣ ಕುಟ್ಟುವುದು, ಕಾಂಕ್ರೀಟು ತಿರುಗುವುದು, ಮೇಸ್ತ್ರಿ ಕೂಗುವುದು. ಚಾಚಾನಿಗೆ ಹಾಗೆ ಹೇಳಿದಾಗ ಅವನು ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಕ್ಕ. "ಹೈದ್ರಾಬಾದಲ್ಲ ಬೇಟಿ, ವಿಲಾಯತಿ ಗಾನಾ ಅದ. ಅಲ್ಲಿ ಹುಡುಗ್ರು ಹಿಂಗೇ ಹಾಡ್ತಾರಂತ."

ನನಗೆ ನಾಚಿಕೆಯಾಯಿತು. ಆದರೆ ಮುಂದಿನ ರವಿವಾರವೂ ಹೋಗಿ ಅದನ್ನೇ ಹಚ್ಚಿಸಿಕೊಂಡೆ. ಈಗ ಹಿಂದಿರುಗಿ ನೋಡಿದರೆ ಕಾರಣ ಸ್ಪಷ್ಟ. ಆ ವರ್ಷ ನಾನು ಸಿಟ್ಟಿನಿಂದ ಉರಿಯುತ್ತಿದ್ದೆ. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಾಗ, ಆಯಿಯ ಕಾಲೊತ್ತುವಾಗ, ಗುಣಾಕಾರ ಮಾಡುವಾಗ, ಯಾವಾಗಲೂ. ಆ ಸಿಟ್ಟನ್ನು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಎಲ್ಲರೂ ಆರಾಮ. ಅಲ್ಲಿಯವರು ಆರಾಮ, ಇಲ್ಲಿಯವರು ಆರಾಮ. ಆರಾಮ ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತಿದ್ದವನು ಆ ವಿಲಾಯತಿಯವನೊಬ್ಬನೇ. ಅವನ ಒಂದು ಶಬ್ದವೂ ನನಗೆ ತಿಳಿಯುತ್ತಿರಲಿಲ್ಲ, ಆದರೂ ಅವ್ವನ ಮಾತಿಗಿಂತ ಅವನ ಮಾತು ಖರೆ ಅನ್ನಿಸುತ್ತಿತ್ತು.

ತೊಂದರೆ ಶುರುವಾದದ್ದು ಎರಡನೇ ಕಾಗದದಿಂದ. ಅಲ್ಲಿಯ ಜನಕ್ಕೆ ಮಷೀನಿನ ಮುಂದೆ ಮಾತಾಡುವ ಅಂಜಿಕೆ ಹೋಗಿತ್ತು. ಒಬ್ಬೊಬ್ಬರೂ ಉದ್ದುದ್ದ ಮಾತಾಡಿದರು. ಮೂರು ಹಾಡಿದ್ದದ್ದು ಎರಡಾಯಿತು. ಮೂರನೆಯ ಕಾಗದಕ್ಕೆ ನನ್ನದೊಂದೇ ಉಳಿಯಿತು. ನಾನು ಅದನ್ನು ಚಾಚಾನ ಗುಂಡಿಗಳಲ್ಲಿ ಅಳೆಯುತ್ತಿದ್ದೆ. ಇಡೀ ಹಾಡಿಗೆ ಅವನು ಮೂರು ಗುಂಡಿ ಹಚ್ಚುತ್ತಿದ್ದ. ನಾಲ್ಕನೆಯ ಕಾಗದ ಬಂದಾಗ ಹಾಡಿನ ಮೊದಲ ಭಾಗ ಹೋಗಿತ್ತು. ಯಾರೋ ಒಬ್ಬ ತನ್ನ ಮನೆಯ ಎಮ್ಮೆಯ ಬಗ್ಗೆ ಕೇಳುತ್ತ ಅದನ್ನು ನುಂಗಿದ್ದ. ಕೊನೆಗೆ ಬಂದ ಅವ್ವ ಮತ್ತೆ ಆರಾಮ ಎಂದಳು. ಹೇಳಿ ಮುಗಿಸುವವಳು, ಜರಾ ತಡೆದು, "ಆಯಿ, ಒಂದು ಮಾತು ಹೇಳೋದದರಿ. ಈಗ ಬ್ಯಾಡ. ಮುಂದಿನ ಸಲ ಹೇಳ್ತೇನಿ" ಎಂದಳು. ಟಕ್. ಒಂದೂವರೆ ಗುಂಡಿಯಷ್ಟು ಹಾಡು.

ಮುಂದಿನ ಸಲ ಏನೂ ಉಳಿಯುವುದಿಲ್ಲ ಎಂದು ನನಗೆ ಲೆಕ್ಕ ಗೊತ್ತಾಯಿತು. ಗಣಿತದಲ್ಲಿ ನಾನು ಆಗಲೇ ಚುರುಕು.

ಹಾಡು ತುಂಬಿ ಮಾರುವ ಕ್ಯಾಸೆಟ್ಟುಗಳಿಗೆ ಬೆನ್ನಿನಲ್ಲಿ ಎರಡು ಸಣ್ಣ ತೂತು ಇರುತ್ತವೆ, ಮಗ್ಗುಲಿಗೊಂದು. ತೂತು ಇದ್ದರೆ ರೆಕಾರ್ಡು ಮಾಡುವ ಕೆಂಪು ಬಟನ್ನು ಒಳಗೆ ಹೋಗುವುದಿಲ್ಲ, ಇದ್ದ ಹಾಡು ಅಳಿಯುವುದಿಲ್ಲ. ತೂತಿಗೆ ಕಾಗದ ತುರುಕಿದರೆ ಬಟನ್ನು ಕೇಳುತ್ತದೆ. ನಮ್ಮ ಕ್ಯಾಸೆಟ್ಟಿಗೆ ಬಜಾರಿನವನೇ ತೆಲುಗು ಪೇಪರಿನ ಚೂರು ಉಂಡೆ ಮಾಡಿ ತುರುಕಿ ಕೊಟ್ಟಿದ್ದ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಚಾಚಾ. ಅವನ ಇಷ್ಟದ ಕವ್ವಾಲಿ ಕ್ಯಾಸೆಟ್ಟಿಗೆ ತೂತು ತೆರೆದೇ ಇಟ್ಟಿದ್ದ. ಏನೂ ಅರಿಯದ ಹುಡುಗಿ, ಏನೋ ಮಾಡಿಬಿಟ್ಟಳು ಎಂದು ಯಾರೂ ನನ್ನ ಪರವಾಗಿ ಹೇಳುವುದು ಬೇಡ. ನನಗೆ ಎಲ್ಲ ಗೊತ್ತಿತ್ತು.

ಆಯಿ ಜವಾಬು ತುಂಬಿದ ಮರುದಿನ ಬೆಳಿಗ್ಗೆ, ಪಕ್ಕದ ಮನೆಯ ಕಾಕಾ ಹೈದರಾಬಾದಿಗೆ ಹೊರಟಿದ್ದ. ಕ್ಯಾಸೆಟ್ಟು ಅವನಿಗೆ ಕೊಟ್ಟು ಬಾ ಎಂದು ಆಯಿ ನನ್ನ ಕೈಗಿತ್ತಳು. ನಾನು ಶಾಲೆಯ ಚೀಲದಿಂದ ಕೈವಾರ ತೆಗೆದೆ. ಅದರ ಮೊನೆಯಿಂದ, ಅವ್ವ ತುಂಬುವ ಮಗ್ಗುಲಿನ ತೂತಿನಲ್ಲಿದ್ದ ಉಂಡೆಯನ್ನು ಕಿತ್ತೆ. ಜೋಳದ ಕಾಳಿನಷ್ಟು ಇತ್ತು. ಒಲೆಗೆ ಹಾಕಿದೆ. ಕಾಕಾ ಕ್ಯಾಸೆಟ್ಟನ್ನು ಒಳಜೇಬಿನಲ್ಲಿ ಇಟ್ಟುಕೊಂಡು ಔರಾದಿನ ಬಸ್ಸು ಹತ್ತಿದ.

ಬಟನ್ನು ಹೋಗದಿದ್ದರೆ ಅಲ್ಲಿಯವರು ಬೇರೆ ಕ್ಯಾಸೆಟ್ಟು ತರುತ್ತಾರೆ, ಇದು ವಾಪಸು ನನಗೆ ಬರುತ್ತದೆ. ನಾನು ಯೋಚಿಸಿದ್ದು ಅಷ್ಟೇ.

ಒಂದು ತಿಂಗಳ ಮೇಲೆ ಕಾಕಾ ಬಂದ. ರವಿವಾರ ಬೇವಿನ ಕೆಳಗೆ ಎಂದಿಗಿಂತ ಹೆಚ್ಚು ಜನ. ಗಂಡ ಊರಿಗೆ ಬರುವ ದಿನ ತಿಳಿಯಬೇಕಾದವಳು, ಮಗನ ಜ್ವರ ಇಳಿಯಿತೋ ಕೇಳಬೇಕಾದವಳು, ಎಲ್ಲರೂ ಇದ್ದರು. ಚಾಚಾ ಟೇಪು ಹಚ್ಚಿದ. ಅವ್ವ ಆರಾಮ ಎಂದಳು. ಎಮ್ಮೆಯ ಮಾತು ಬಂತು. ಆಯಿ ತಲೆ ಆಡಿಸುತ್ತ, "ಹೋದ ಸಲನೂ ಇದೇ ಕೇಳಿದ್ದ, ಪಾಪ, ಎಮ್ಮಿ ಮ್ಯಾಲ ಭಾಳ ಜೀವ" ಎಂದಳು. ಇನ್ನೂ ಎರಡು ಮಾತು ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಾಯಿತು, ಇದು ಹಳೆಯ ಕಾಗದ.

ಅಲ್ಲಿಯವರೆಗೆ ಹೇಳಲು ಹಿಂಜರಿಯುತ್ತಿದ್ದ ಕಾಕಾ ಆಗ ಬಾಯಿಬಿಟ್ಟ. "ಏನ್ ಹೇಳ್ಲಿ ಆಯಿ, ನಿಮ್ ಸೊಸಿ ಮೇಸ್ತ್ರಿ ಮಷೀನೇ ಮುರದಾಳ್ರಿ. ಕೆಂಪು ಬಟನ್ ಹೋಗ್ಲಿಲ್ಲಂತ ಎರಡೂ ಹೆಬ್ಬಟ್ಟ ಇಟ್ಟು ಒತ್ತಿದಳು. ಇಟ್ಟಂಗಿ ಹೊತ್ತು ಹೊತ್ತು ಕೈ ಕಬ್ಬಿಣ ಆಗ್ಯಾವ. ಕಟ್ ಅಂತ ಮುರದು ಕೈಯಾಗ ಬಂತು. ಮೇಸ್ತ್ರಿ ಎಲ್ಲಾರ ಮುಂದ ಬೈದ. ಇನ್ನ ಯಾರೂ ನನ್ನ ಮಷೀನಿಗಿ ಕೈ ಹಚ್ಚಬ್ಯಾಡ್ರಿ ಅಂದಾನ."

ಹೆಂಗಸರು ಆಯಿಯ ಕಡೆ ನೋಡಿದರು. "ಆಕಿ ಕೈ ಅಂದ್ರ ಕೈ!" ಎಂದು ಒಬ್ಬಳು ಕುಟುಕಿದಳು. ಮಗನ ಜ್ವರದವಳು ಎದ್ದು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಆಯಿಯ ಮುಖ ಸಣ್ಣದಾಯಿತು. ನಾನು ಬಾಯಿ ತೆರೆಯಲಿಲ್ಲ.

ಚಾಚಾ ಕ್ಯಾಸೆಟ್ಟು ಹೊರಗೆ ತೆಗೆದು ಬೆನ್ನು ತಿರುಗಿಸಿ ನೋಡಿದ. ತೂತಿನ ಮೇಲೆ ಬೆರಳಾಡಿಸಿದ. ಆಮೇಲೆ ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದ. ಕೆಳಗೆ ಬಿದ್ದಿದ್ದ ಕತ್ತರಿಚೂರು ಬಟ್ಟೆಯೊಂದನ್ನು ಎತ್ತಿ, ಉಂಡೆ ಮಾಡಿ, ಸೂಜಿಯ ಹಿಂಭಾಗದಿಂದ ತೂತಿಗೆ ತುರುಕಿ ನನ್ನ ಕೈಗೆ ಕೊಟ್ಟ. ಯಾರಿಗೂ ಏನೂ ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ಅವನು ಮುಚ್ಚಿದ್ದು ತೂತನ್ನೋ ನನ್ನ ತಪ್ಪನ್ನೋ ನನಗೆ ತಿಳಿಯಲಿಲ್ಲ. ಅದರ ನಂತರ ನಾನು ಅವನ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆ. ಹಾಡನ್ನೂ ಮತ್ತೆ ಕೇಳಲಿಲ್ಲ. ಉಳಿಸಿಕೊಂಡ ಒಂದೂವರೆ ಗುಂಡಿಯ ಹಾಡು ಮಾಡಿನ ಸಂದಿನಲ್ಲಿ ಕೂತು ಇಲಿಗಳ ಪಾಲಾಯಿತು.

ಆ ಬೇಸಿಗೆ ಇಡೀ ನಮ್ಮ ಓಣಿಗೆ ಮಾತಾಡೋ ಕಾಗದ ಬರಲಿಲ್ಲ. ರೋಹಿಣಿ ಮಳೆ ಬಿದ್ದ ಮೇಲೆ ಒಬ್ಬೊಬ್ಬರಾಗಿ ವಾಪಸಾದರು. ಅವ್ವ ಬಂದಾಗ ತಮ್ಮ ನಡೆಯುತ್ತಿದ್ದ. ಅವ್ವನ ಕೈ ನೋಡಿ ನಾನು ಹೆದರಿದೆ. ಅಂಗೈ ಒಡೆದು ಕಪ್ಪು ಗೆರೆ ಬಿದ್ದಿದ್ದವು. ಹೇಳಿಬಿಡಬೇಕು ಎಂದುಕೊಂಡೆ. ಅದರ ಬದಲು, "ಒಂದು ಮಾತು ಹೇಳೋದದ ಅಂದಿದ್ದೆಲ್ಲ, ಏನದು?" ಎಂದು ಕೇಳಿದೆ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ಏನಿಲ್ಲ ಬಿಡು, ಮರ್ತೀನಿ" ಎಂದಳು. ಮಷೀನು ಮುರಿದವಳು ಎಂಬ ಹೆಸರು ಅವಳಿಗೆ ಅಂಟಿತು. ಊರಿಗೆ ಕರೆಂಟು ಸರಿಯಾಗಿ ಬಂದಾಗ, ಟಿವಿ ಬಂದಾಗ, ಗ್ರೈಂಡರು ಬಂದಾಗ, ಪ್ರತಿ ಸಲವೂ ಯಾರಾದರೂ ಆ ಕಥೆ ತೆಗೆಯುತ್ತಿದ್ದರು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು. ಪ್ರತಿ ಸಲವೂ ನಾನು ಇವತ್ತು ಹೇಳುತ್ತೇನೆ ಎಂದುಕೊಂಡೆ. ಒಂದು ವಯಸ್ಸು ದಾಟಿದ ಮೇಲೆ ಹೇಳದಿರುವುದೇ ರೂಢಿಯಾಯಿತು.

ಹೋದ ವರ್ಷ ಯಾವುದೋ ರವಿವಾರ ತಮ್ಮ ಮೈಲೂರಿನ ಮನೆಗೆ ಬಂದಿದ್ದ. ಅವನದು ಬೀದರಿನಲ್ಲೇ ಮೊಬೈಲು ರಿಪೇರಿ ಅಂಗಡಿ. ನಾನು ತರಕಾರಿ ಹೆಚ್ಚುತ್ತ ಏನೋ ಗುನುಗುತ್ತಿದ್ದೆನಂತೆ. "ಅಕ್ಕಾ, ಇದು ಯಾವ ಹಾಡು? ನಾ ಸಣ್ಣಾವಿದ್ದಾಗಿಂದ ನೀ ಇದೇ ಗುನುಗ್ತಿ" ಎಂದ. ನನ್ನ ಕೈ ನಿಂತಿತು. ಗುನುಗುವುದು ನನಗೇ ಗೊತ್ತಿರಲಿಲ್ಲ. ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದು ಮತ್ತೊಮ್ಮೆ ಗುನುಗಿಸಿದ. ಇಷ್ಟು ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಬೈಯುತ್ತಲೇ ಗುನುಗಿದೆ. ಮೊದಲು ಬಂದ ನಾಲ್ಕು ಹಾಡು ತಪ್ಪು. ಐದನೆಯದರಲ್ಲಿ ಆ ದಪ್ಪ ತಂತಿ ಅಡುಗೆಮನೆಯೊಳಗೆ ನಡೆದು ಬಂತು.

ತಮ್ಮ ಓದಿ ಹೇಳಿದ. ಆ ಹುಡುಗರ ಊರಿನಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ, ಕೆಲಸವಿಲ್ಲದೆ ಬೀದಿಯಲ್ಲಿ ನಿಂತವರು ಕಟ್ಟಿದ ಬ್ಯಾಂಡಂತೆ. ಶಬ್ದಗಳನ್ನೂ ಓದಿದ. ಆ ಹಾಡಿನವನು ಕೊನೆಯಲ್ಲಿ ಕೂಗುವುದು ಏನು ಎಂದು ನನಗೆ ಈಗ ಗೊತ್ತು. ನಾನು ಅಂದುಕೊಂಡಷ್ಟು ದೊಡ್ಡ ಮಾತಲ್ಲ, ನನಗೆ ಆರಾಮ ಇಲ್ಲ ಎಂಬಷ್ಟೇ. ಅದನ್ನು ನಾನೂ ಹೇಳಬಹುದಾಗಿತ್ತು. ಅವ್ವನೂ.

ತಮ್ಮ ಹಾಲು ತರಲು ಹೊರಗೆ ಹೋದ. ಅವ್ವ ಒಳಕೋಣೆಯಲ್ಲಿ ಮಂಚದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಅವನ ಫೋನು ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಈಗ ಹೇಳದಿದ್ದರೆ ಇನ್ನು ಇಲ್ಲ ಎಂದು ತಿಳಿಯಿತು. ಎಲ್ಲ ಹೇಳಿದೆ. ತೂತು, ಉಂಡೆ, ಕೈವಾರ, ಒಲೆ. "ನಿನ್ನ ಕೈಯಿಂದ ಮುರೀಲಿಲ್ಲವ್ವ. ಒತ್ತಲಾರದಂಗ ಮಾಡಿದ್ದು ನಾನು" ಎಂದೆ. ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಯಾವ ಹಾಡು, ಹಚ್ಚು ಎಂದಳು.

ಹಚ್ಚಿದೆ. ಮೊದಲ ಬಾರಿ ನಾವಿಬ್ಬರೂ ಒಟ್ಟಿಗೆ ಕೂತು ಅದನ್ನು ಪೂರ್ತಿ ಕೇಳಿದೆವು. ಮುಗಿದ ಮೇಲೆ ಅವ್ವ ಕೇಳಿದಳು, "ಮುಗೀತೇನು?"

"ಹೂಂ."

"ಇಷ್ಟರ ಸಲುವಾಗಿ ಅವ್ವನ ಬಾಯಿ ಮುಚ್ಚಿದಿ?"

ಐವತ್ತರ ಹತ್ತಿರ ಬಂದ ಗಣಿತದ ಟೀಚರು ನಾನು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವ್ವ ಶೇಂಗಾದ ಮೊರ ಪಕ್ಕಕ್ಕಿಟ್ಟಳು.

"ಅಳಬ್ಯಾಡ. ನಾನೂ ಒಂದು ಹೇಳಿಲ್ಲ ನಿನಗ" ಎಂದಳು. "ನಿನ್ನ ತಮ್ಮ ಆಗ ಅಂಬೆಗಾಲಿಡ್ತಿದ್ದ. ಸುಣ್ಣದ ಗುಂಡಿ ಇತ್ತು ಅಲ್ಲಿ. ಎರಡ ಸಲ ಅದರ ಕಡಿಗಿ ಹೋದಾಗ ಕಾಲು ಹಿಡದು ಎಳದೀನಿ. ಮೂರನೇ ಸಲ ನಾ ಮ್ಯಾಲ ಇಟ್ಟಂಗಿ ಹೊರ್ಲಕ ಹೋಗಿದ್ರ? ಅದಕ ಆಯಿಗಿ ಹೇಳ್ಲಕ ಕುಂತಿದ್ದೆ, ಹುಡುಗಿ ಸಾಲಿ ಬಿಡಿಸಿ ಕಳಸ್ರಿ, ಸಣ್ಣಾವನ್ನ ನೋಡ್ಕೊಳ್ಳಲಿ ಅಂತ. ಆ ಮಾತು ಬಾಯಾಗ ಇಟ್ಕೊಂಡೇ ಬಟನ್ ಒತ್ತಿದ್ದೆ."

ನಮ್ಮ ಓಣಿಯಲ್ಲಿ ಯಾರೂ ಆಡದ ಮಾತು ಅದು.

"ಮುರೀತು. ಎಲ್ಲಾರ ಮುಂದ ಬೈಸ್ಕೊಂಡೆ. ಖರೇ ಹೇಳ್ತೇನಿ, ನನಗ ಬ್ಯಾಸರ ಆಗ್ಲಿಲ್ಲ. ಈ ಕೈ ನನಗಿಂತ ಶಾಣ್ಯಾ ಅದ ಅಂದ್ಕೊಂಡೆ. ಬಾಯಿ ಹೇಳಬಾರದ್ದು ಹೇಳ್ತದಂತ ಕೈ ತಡೀತು. ಸೀರಿ ಹರದು ಸಣ್ಣಾವನ್ನ ಕಂಬಕ ಕಟ್ಟಿದೆ. ಅಳ್ತಿದ್ದ. ಅಳ್ಲಿ ಅಂದೆ. ಅವತ್ತಿಂದ ಬಟನ್ ಮುಟ್ಟಿಲ್ಲ ನಾ. ಅಂಜಿ ಅಲ್ಲ. ಒಂದ ಸಲ ಕೈ ನನ್ನ ಮಾತು ಕೇಳಲಾರದೆ ನಿನ್ನ ಉಳಿಸ್ತು, ಮತ್ತ ಯಾಕ ಅದಕ್ಕ ಪರೀಕ್ಷಾ ಮಾಡ್ಲಿ ಅಂತ."

ಅಷ್ಟು ವರ್ಷ ನಾವು ನಗುತ್ತಿದ್ದದ್ದು ಯಾವುದಕ್ಕೆ, ಅವಳು ಸೆರಗಿನಲ್ಲಿ ಸುತ್ತಿ ಕಾಪಾಡುತ್ತಿದ್ದದ್ದು ಯಾವುದನ್ನು! ಅವಳ ನಾಚಿಕೆಯನ್ನು ಕಳೆಯುತ್ತೇನೆ ಎಂದು ಹೋದೆ. ಅಲ್ಲಿ ನಾಚಿಕೆ ಇರಲೇ ಇಲ್ಲ. ಇದ್ದದ್ದನ್ನು ನಾನು ಕಿತ್ತುಕೊಂಡಿದ್ದೆ. ನಾನು ಶಾಲೆಯಲ್ಲಿ ಉಳಿದದ್ದು ಅವಳ ಕೈಯಿಂದ ಎಂದು ಅವಳು ನಂಬಿದ್ದಳು. ನನ್ನ ಕೈವಾರದಿಂದ ಎಂದು ಈಗ ಹೇಳಿಯಾಗಿತ್ತು. ಹೇಳಿದ್ದನ್ನು ವಾಪಸು ಪಡೆಯುವಂತಿರಲಿಲ್ಲ.

"ಹಂಗಾರ ಅದು ನನ್ನ ಕೈ ಅಲ್ಲ" ಎಂದಳು ಅವ್ವ. ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡಳು. ಕಪ್ಪು ಗೆರೆಗಳು ಈಗಲೂ ಇವೆ.

"ಗುಂಡಿಯಿಂದ ಅವನ್ನ ಎಳದದ್ದು ನಿನ್ನ ಕೈನೇ ಅಲ್ಲೇನವ್ವ" ಎಂದೆ. ಅವಳು ಅಂಗೈ ಮಡಚಿ ಮತ್ತೆ ಬಿಚ್ಚಿದಳು.

ಹೊರಗೆ ತಮ್ಮನ ಬೈಕು ಬಂದು ನಿಂತ ಸದ್ದಾಯಿತು. ಅವ್ವ ಕಣ್ಣಿನಿಂದಲೇ ಫೋನು ತೋರಿಸಿ, "ಮತ್ತ ಹಚ್ಚು" ಎಂದಳು. ನಾನು ಕೈ ಚಾಚುವಷ್ಟರಲ್ಲಿ ತಾನೇ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಲ್ಲಿ ಒತ್ತಬೇಕು ಎಂದು ಕೇಳಿದಳು. ತೋರಿಸಿದೆ. ಹೆಬ್ಬೆರಳನ್ನು ಇಟ್ಟಿಗೆ ಹಿಡಿಯುವವಳಂತೆ ಊರಿ, ಬಲವಾಗಿ ಒತ್ತಿದಳು. ಹಾಡು ಶುರುವಾಯಿತು. ಏನೂ ಮುರಿಯಲಿಲ್ಲವೆಂದು, ತನ್ನದು ಎಲ್ಲರಂಥದೇ ಕೈಯೆಂದು, ಅವ್ವ ಅತ್ತಳು.